ಎರಡು ಲಾವಾಗಳ ನಡುವಿನ ಕೆರೆ: ಗುರುಮಠಕಲ್ ಸೀಮೆಯ ಪದರ ಓದುವ ಬಗೆ

ಕಲಬುರಗಿ, ಯಾದಗಿರಿ ಜಿಲ್ಲೆಗಳ ಕರಿಕಲ್ಲಿನ ಸೀಮೆಯಲ್ಲಿ ಬಾವಿ ತೋಡುವವರಿಗೆ ಪದರಗಳ ವರಸೆ ಗೊತ್ತಿರುತ್ತದೆ. ಮೇಲೆ ಎರೆ ಮಣ್ಣು, ಅದರಡಿ ಮರಂ, ಅದರಡಿ ಗಟ್ಟಿ ಕರಿಕಲ್ಲು. ಆದರೆ ಕೆಲವು ಕಡೆ ಕರಿಕಲ್ಲು ಒಡೆದು ಇಳಿದ ಮೇಲೆ ಬಿಳಿಚಿದ, ತುಸು ಹಸಿರು ಛಾಯೆಯ ಸುಣ್ಣದ ಜೇಡಿ ಬರುತ್ತದೆ. ಮೀಟರಿನಷ್ಟೋ ನಾಲ್ಕೈದು ಮೀಟರಿನಷ್ಟೋ ಇದ್ದು ಮುಗಿಯುತ್ತದೆ. ಕೆಳಗೆ ಮತ್ತೆ ಕರಿಕಲ್ಲು. ಆ ನಡುವಿನ ಜೇಡಿಯೇ ಒಂದು ಕೆರೆಯ ತಳ. ಕೆಳಗಿನ ಲಾವಾ ತಣ್ಣಗಾದ ಮೇಲೆ ಹುಟ್ಟಿ, ಮೇಲಿನ ಲಾವಾ ಬಂದು ಮುಚ್ಚುವ ತನಕ ಬದುಕಿದ ಕೆರೆ. ಭೂವಿಜ್ಞಾನಿಗಳು ಇದನ್ನು ಇಂಟರ್‌ಟ್ರ್ಯಾಪಿಯನ್ ಪದರ ಎನ್ನುತ್ತಾರೆ. ಗುರುಮಠಕಲ್ ಸುತ್ತಲಿನ ಇಂಥ ಪದರಗಳಿಂದ ಎರಡು ಚಿಪ್ಪಿನ ಪುಟ್ಟ ಜೀವಿಗಳಾದ ಸಿಹಿನೀರಿನ ಆಸ್ಟ್ರಕೋಡ್‌ಗಳು, ಕ್ಯಾರೊಫೈಟ್ ಪಾಚಿಯ ಬೀಜಕೋಶಗಳು ಸಿಕ್ಕು ವಿಜ್ಞಾನ ಪತ್ರಿಕೆಗಳಲ್ಲಿ ದಾಖಲಾಗಿವೆ.

ಈ ಬರಹ ಆ ಪದರವನ್ನು ಓದುವುದು ಹೇಗೆ ಎಂಬುದರ ಬಗ್ಗೆ. ಕಾಲೇಜಿನ ಭೂವಿಜ್ಞಾನ ವಿದ್ಯಾರ್ಥಿಗಳು, ಹೈಸ್ಕೂಲು ವಿಜ್ಞಾನದ ಮೇಷ್ಟ್ರುಗಳು ಮನಸ್ಸಿನಲ್ಲಿದ್ದಾರೆ. ಪಳೆಯುಳಿಕೆ ಸಿಕ್ಕಿತೋ ಇಲ್ಲವೋ ಎಂಬುದೊಂದನ್ನೇ ನೋಡುವುದು ಸಾಲದು. ಕೆರೆಯ ಚರಿತ್ರೆ ಇರುವುದು ಪದರಗಳ ಕ್ರಮದಲ್ಲಿ. ನೀರು ತುಂಬಿದ್ದಷ್ಟೇ ಅಲ್ಲ, ಬತ್ತಿದ್ದೂ ಅಲ್ಲೇ ದಾಖಲಾಗಿದೆ.

ಮೊದಲು ಕಾಲದ ಲೆಕ್ಕ. ದಖ್ಖನ್ ಟ್ರ್ಯಾಪ್ ಎಂಬ ಲಾವಾ ಹಾಸುಗಳು ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅದರ ಬಹುಪಾಲು ಹತ್ತು ಲಕ್ಷ ವರ್ಷಗಳ ಒಳಗೇ ಹೊರಬಂತು. ಈಗ ಉಳಿದಿರುವ ಹರವು ಸುಮಾರು 5 ಲಕ್ಷ ಚದರ ಕಿಲೋಮೀಟರ್. ಮಹಾಬಳೇಶ್ವರದ ಕಡೆ ಈ ಹಾಸುಗಳ ಒಟ್ಟು ದಪ್ಪ ಕಿಲೋಮೀಟರುಗಟ್ಟಲೆ. ನಮ್ಮದು ಅದರ ಆಗ್ನೇಯ ಅಂಚು, ಇಲ್ಲಿ ಹಾಸು ತೆಳು. ಯಾದಗಿರಿಗೆ ಬರುವಷ್ಟರಲ್ಲಿ ಲಾವಾ ಮುಗಿದು ಗ್ರಾನೈಟ್ ಗುಡ್ಡಗಳು ಎದ್ದು ಕಾಣುತ್ತವೆ. ಅಂಚಿನಲ್ಲಿರುವುದು ನಮಗೆ ಅನುಕೂಲವೇ. ಇಲ್ಲಿ ಲಾವಾಗಳು ಕಡಿಮೆ ಸಲ ಬಂದವು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಹೆಚ್ಚು ಸಿಕ್ಕಿತು, ಆ ಬಿಡುವಿನಲ್ಲಿ ನೀರು ನಿಂತಿತು.

ನೀರು ನಿಲ್ಲಲು ಕಾರಣ ಎರಡು. ಹರಿದು ಬಂದ ಲಾವಾ ಹಳ್ಳಕ್ಕೆ ಅಡ್ಡಬಿದ್ದು ಒಡ್ಡು ಕಟ್ಟಿದಂತಾಗುವುದು ಒಂದು. ತಣ್ಣಗಾದ ಲಾವಾದ ಮೈಯೇ ಉಬ್ಬುತಗ್ಗಾಗಿ, ತಗ್ಗುಗಳಲ್ಲಿ ಮಳೆ ನೀರು ಸೇರುವುದು ಇನ್ನೊಂದು. ಎರಡನೆಯ ಬಗೆಯ ಕೆರೆಗೆ ಹೊರಹರಿವು ಇರುವುದಿಲ್ಲ. ಒಳಬಂದ ನೀರು ಹೋಗುವುದು ಆವಿಯಾಗಿ ಮಾತ್ರ. ಆಗ ಭಾರತ ಭೂಮಧ್ಯರೇಖೆಯ ದಕ್ಷಿಣಕ್ಕೆ, ಸುಮಾರು 20ರಿಂದ 30 ಡಿಗ್ರಿ ಅಕ್ಷಾಂಶದ ನಡುವೆ ಇತ್ತು. ಇವತ್ತಿಗೂ ಭೂಮಿಯ ದೊಡ್ಡ ಮರುಭೂಮಿಗಳು ಬಹುತೇಕ ಅದೇ ಅಕ್ಷಾಂಶಗಳಲ್ಲಿವೆ. ಟ್ರ್ಯಾಪ್‌ನ ಅಡಿಯಲ್ಲಿ, ಮಧ್ಯಪ್ರದೇಶ ಮತ್ತು ಗುಜರಾತಿನಲ್ಲಿ ಕಾಣುವ ಲಮೇಟಾ ಪದರಗಳಲ್ಲಿ ಮಣ್ಣಿನೊಳಗೆ ಬೆಳೆದ ಸುಣ್ಣದ ಗಟ್ಟಿಗಳು ಹೇರಳ. ಅಂದರೆ ಆಗಿನ ಹವೆ ಅರೆ ಒಣ: ಮಳೆ ಒಂದು ಕಾಲದಲ್ಲಿ, ಉಳಿದಂತೆ ಬೇಸಿಗೆ. ಇಂಥ ಹವೆಯಲ್ಲಿ ಹೊರಹರಿವಿಲ್ಲದ ಕೆರೆ ತುಂಬುತ್ತದೆ, ಉಪ್ಪಾಗುತ್ತದೆ, ಬಿರಿಯುತ್ತದೆ, ಮತ್ತೆ ತುಂಬುತ್ತದೆ.

ಯಾವ ಉಪ್ಪು ಎಂಬುದು ಮುಖ್ಯ ಪ್ರಶ್ನೆ, ಮತ್ತು ಇಲ್ಲಿಯೇ ಬಹಳ ಜನ ತಪ್ಪುತ್ತಾರೆ. ಒಣಗಿದ ಕೆರೆ ಎಂದರೆ ಸುಣ್ಣ, ಅದರ ಮೇಲೆ ಜಿಪ್ಸಂ, ಅದರ ಮೇಲೆ ಅಡುಗೆ ಉಪ್ಪು ಇರಬೇಕೆಂದು ಪಠ್ಯಪುಸ್ತಕದ ಚಿತ್ರ ನೋಡಿದವರು ಹುಡುಕುತ್ತಾರೆ. ಥಾರ್‌ನಲ್ಲಿ, ರಾಜಸ್ಥಾನದ ಬಿಕಾನೇರ್ ಸೀಮೆಯ ಲೂಣಕರಣಸರ್‌ನಲ್ಲಿ ಜಿಪ್ಸಂ ನಿಜಕ್ಕೂ ಇದೆ. ಕರಿಕಲ್ಲಿನ ಮೇಲಿನ ಕೆರೆಯಲ್ಲಿ ಅದು ಸಿಗುವುದು ಅಪರೂಪ. ಕಾರಣ ನೀರಿನ ರಸಾಯನದಲ್ಲಿದೆ. ಮಳೆ ನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿ ಬಸಾಲ್ಟನ್ನು, ಅಂದರೆ ಇದೇ ಕರಿಕಲ್ಲನ್ನು, ಕರಗಿಸಿದಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಜೊತೆಗೆ ಬೈಕಾರ್ಬೊನೇಟ್ ಹೆಚ್ಚು ಪ್ರಮಾಣದಲ್ಲಿ ನೀರಿಗೆ ಬರುತ್ತದೆ. ನೀರು ಆವಿಯಾಗುತ್ತಾ ಹೋದಂತೆ ಮೊದಲು ಕ್ಯಾಲ್ಸೈಟ್ ಎಂಬ ಸುಣ್ಣದ ಹರಳು ಕೆಳಗಿಳಿಯುತ್ತದೆ. ಬೈಕಾರ್ಬೊನೇಟ್ ಹೆಚ್ಚಿದ್ದರೆ ಕ್ಯಾಲ್ಸಿಯಂ ಎಲ್ಲವೂ ಅಲ್ಲೇ ಖರ್ಚಾಗುತ್ತದೆ, ಜಿಪ್ಸಂಗೆ ಉಳಿಯುವುದೇ ಇಲ್ಲ. ಉಳಿದ ನೀರು ವಾಷಿಂಗ್ ಸೋಡಾ ಕರಗಿಸಿದಂಥ ಸೋಡಾ ನೀರಾಗುತ್ತದೆ, ಕ್ಷಾರ ಹೆಚ್ಚಿ ಪಿಎಚ್ ಏರುತ್ತದೆ. ಕ್ಯಾಲ್ಸಿಯಂ ಹೆಚ್ಚಿದ್ದರೆ ಮಾತ್ರ ಜಿಪ್ಸಂನ ದಾರಿ. ಮೊದಲ ಹರಳು ಕಟ್ಟುವಾಗಲೇ ಕೆರೆಯ ಮುಂದಿನ ದಾರಿ ತೀರ್ಮಾನವಾಗಿರುತ್ತದೆ.

ಇದನ್ನು ಇವತ್ತು ಕಣ್ಣಾರೆ ನೋಡಬೇಕಿದ್ದರೆ ಲೋಣಾರಕ್ಕೆ ಹೋಗಬೇಕು. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿ, ಇದೇ ದಖ್ಖನ್ ಬಸಾಲ್ಟಿನ ಮೇಲೆ ಉಲ್ಕೆ ಬಡಿದು ಆದ ಸುಮಾರು 1.8 ಕಿಲೋಮೀಟರ್ ಅಗಲದ ಕುಳಿ. ಹೊರಹರಿವು ಇಲ್ಲ, ನೀರಿನ ಪಿಎಚ್ 10ರ ಆಸುಪಾಸು. ಅದರ ತಳದ ಕೆಸರನ್ನು ಕೊರೆದು ತೆಗೆದಾಗ ಕೆಲವು ಮಟ್ಟಗಳಲ್ಲಿ ಗೇಲುಸೈಟ್ ಎಂಬ ಸೋಡಿಯಂ-ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು ಸಿಕ್ಕಿವೆ. ನೀರು ತೀರ ಕಡಿಮೆಯಾಗಿ ಉಪ್ಪು ದಟ್ಟವಾದಾಗ ಮಾತ್ರ ಕಟ್ಟುವ ಹರಳು ಅದು. ಅದರ ಆಧಾರದ ಮೇಲೆ ಸುಮಾರು 4,600ರಿಂದ 3,900 ವರ್ಷಗಳ ಹಿಂದೆ ಒಮ್ಮೆ, 2,000ದಿಂದ 600 ವರ್ಷಗಳ ಹಿಂದೆ ಇನ್ನೊಮ್ಮೆ ದೀರ್ಘ ಬರ ಬಿದ್ದಿತ್ತೆಂದು ಲೆಕ್ಕ ಹಾಕಿದ್ದಾರೆ. ಆರು ಕೋಟಿ ವರ್ಷ ಹಳೆಯ ಪದರದಲ್ಲಿ ಇಂಥ ಹರಳು ಹಾಗೆಯೇ ಉಳಿಯುವುದಿಲ್ಲ. ಮುಂದಿನ ಮಳೆಗಾಲಕ್ಕೇ ಅದು ಕರಗಬಹುದು. ಉಳಿಯುವುದು ಅದರ ಅಚ್ಚು. ಜೇಡಿಯಲ್ಲಿ ಚೂಪು ಮೂಲೆಯ ಖಾಲಿ ಗೂಡು, ಅಥವಾ ಆಮೇಲೆ ಕ್ಯಾಲ್ಸೈಟ್ ತುಂಬಿಕೊಂಡ ಹರಳಿನ ಆಕಾರ. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರದಲ್ಲಿ ಇದು ಕಾಣುತ್ತದೆ. ಕೈಮಸೂರ ಇಲ್ಲದೆ ಈ ಕೆಲಸಕ್ಕೆ ಹೋಗಬಾರದು.

ಸೋಡಾ ನೀರಿನ ಇನ್ನೊಂದು ಗುಣ ಸಿಲಿಕಾ. ಪಿಎಚ್ 9 ದಾಟಿದರೆ ಸಿಲಿಕಾ ನೀರಿನಲ್ಲಿ ಬಹಳ ಹೆಚ್ಚು ಕರಗುತ್ತದೆ. ಹೊಸ ಮಳೆ ನೀರು ಬಂದು, ಅಥವಾ ಗಿಡಗಂಟಿ ಕೊಳೆತು ಪಿಎಚ್ ಇಳಿದರೆ ಅದು ಲೋಳೆಯಂತೆ ಹೊರಬಿದ್ದು ಕ್ರಮೇಣ ಚರ್ಟ್ ಎಂಬ ಗಟ್ಟಿ ಕಲ್ಲಾಗುತ್ತದೆ. ಇಂಟರ್‌ಟ್ರ್ಯಾಪಿಯನ್ ಸುಣ್ಣದ ಪದರಗಳಲ್ಲಿ ಬೂದು, ಕಂದು, ಜೇನುಬಣ್ಣದ ಚರ್ಟ್ ಗಂಟುಗಳು ಇಷ್ಟು ಸಿಗುವುದಕ್ಕೆ ಇದೊಂದು ಕಾರಣ. ಆದರೆ ಎಲ್ಲ ಚರ್ಟೂ ಕೆರೆಯ ಕಾಲದ್ದಲ್ಲ. ಮೇಲೆ ಬಂದ ಲಾವಾದಿಂದ ಇಳಿದ ನೀರು ಕೂಡ ಸಿಲಿಕಾ ತಂದು ತುಂಬುತ್ತದೆ. ಬೇರ್ಪಡಿಸುವುದು ಹೀಗೆ: ಚರ್ಟ್ ಪದರಕ್ಕೆ ಸಮಾನಾಂತರವಾಗಿದ್ದು ಒಳಗಿನ ಶಂಖ, ಕಾಂಡಗಳು ಚಪ್ಪಟೆಯಾಗದೆ ದುಂಡಗೇ ಉಳಿದಿದ್ದರೆ ಅದು ಕೆಸರು ಅಮುಕುವ ಮೊದಲೇ ಕಟ್ಟಿದ್ದು. ಬಿರುಕುಗಳ ಜಾಡು ಹಿಡಿದು ಪದರಗಳನ್ನು ಅಡ್ಡ ಕತ್ತರಿಸಿಕೊಂಡು ಹೋಗಿದ್ದರೆ ಆಮೇಲಿನದು.

ಇನ್ನು ಹೊಲಕ್ಕೆ ಬರೋಣ. ಕೆರೆ ಅಲ್ಲದ್ದನ್ನು ಕೆರೆ ಎಂದುಕೊಳ್ಳುವ ಸಾಧ್ಯತೆ ನಮ್ಮ ಜಿಲ್ಲೆಗಳಲ್ಲಿ ಜಾಸ್ತಿ. ಶಹಾಬಾದ್, ವಾಡಿ, ಮಳಖೇಡ ಕಡೆಯ ಪರಸಿ ಕಲ್ಲು ಪದರ ಪದರವಾಗಿದೆ, ಆಮ್ಲ ಹಾಕಿದರೆ ನೊರೆ ಬರುತ್ತದೆ. ಆದರೆ ಅದು ಭೀಮಾ ಕಣಿವೆಯ ಸುಣ್ಣಗಲ್ಲು, ಆಳವಿಲ್ಲದ ಸಮುದ್ರದ್ದು, ಟ್ರ್ಯಾಪ್‌ಗಿಂತ ಬಹಳ ಬಹಳ ಹಳೆಯದು, ಶಂಖಗಳಿರುವ ಜೀವಿಗಳೇ ಹುಟ್ಟುವ ಮೊದಲಿನದು. ಅದು ಲಾವಾದ ಅಡಿಯಲ್ಲಿರುತ್ತದೆಯೇ ಹೊರತು ಎರಡು ಲಾವಾಗಳ ನಡುವೆ ಅಲ್ಲ. ಎರೆ ಹೊಲದಲ್ಲಿ ನೇಗಿಲಿಗೆ ಸಿಗುವ ಸುಣ್ಣದ ಹರಳು ಈಚಿನದು, ಮಣ್ಣಿನಲ್ಲೇ ಬೆಳೆದದ್ದು. ಬೀದರ್ ಕೋಟೆಯ ಕಂದಕ ಕಡಿದಿರುವ ಜಂಬಿಟ್ಟಿಗೆ ಕಲ್ಲು ಲಾವಾ ಮೇಲುಮೈಯಲ್ಲಿ ಕೊಳೆತು ಆದದ್ದು. ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಎರಡು ಲಾವಾಗಳ ನಡುವಿನ ಇಟ್ಟಿಗೆ ಬಣ್ಣದ ಕೆಂಪು ಪಟ್ಟಿ. ಅದಕ್ಕೆ ಬೋಲ್ ಎನ್ನುತ್ತಾರೆ. ಅದೂ ಲಾವಾಗಳ ನಡುವೆಯೇ ಇರುತ್ತದೆ, ಆದರೆ ಬಹುಪಾಲು ಕಡೆ ಅದು ಲಾವಾದ ಮೈ ಬಿಸಿಲು ಮಳೆಗೆ ಕೊಳೆತು, ಬೂದಿ ಸೇರಿ, ಮೇಲಿನ ಲಾವಾದಿಂದ ಸುಟ್ಟ ಮಣ್ಣು. ಅದರಲ್ಲಿ ತೆಳು ಪದರಗಳಿರುವುದಿಲ್ಲ, ಶಂಖ ಇರುವುದಿಲ್ಲ, ಆಮ್ಲಕ್ಕೆ ನೊರೆ ಬರುವುದಿಲ್ಲ ಅಥವಾ ಬಿರುಕಿನಲ್ಲಷ್ಟೇ ಬರುತ್ತದೆ. ನೀರು ನಿಂತಿದ್ದಕ್ಕೆ ಬೋಲ್ ಸಾಕ್ಷಿಯಲ್ಲ.

ಪರೀಕ್ಷೆಗೆ ಬೇಕಾದದ್ದು ಸಣ್ಣ ಬಾಟಲಿಯಲ್ಲಿ 10 ಶೇಕಡಾ ಹೈಡ್ರೋಕ್ಲೋರಿಕ್ ಆಮ್ಲ, ಚಾಕು, ಕೈಮಸೂರ. ಕ್ಯಾಲ್ಸೈಟ್ ಜೋರಾಗಿ ನೊರೆಯುತ್ತದೆ. ಮೆಗ್ನೀಸಿಯಂ ಬೆರೆತ ಸುಣ್ಣದ ಖನಿಜವಾದ ಡಾಲೊಮೈಟ್ ಸುಮ್ಮನಿರುತ್ತದೆ, ಚಾಕುವಿನಿಂದ ಕೆರೆದು ಪುಡಿ ಮಾಡಿದರೆ ಮೆಲ್ಲಗೆ ನೊರೆಯುತ್ತದೆ. ಚರ್ಟ್ ನೊರೆಯುವುದಿಲ್ಲ, ಚಾಕುವಿನ ಮೊನೆಯೇ ಅದರ ಮೇಲೆ ಸವೆಯುತ್ತದೆ. ಆಮ್ಲ ದುರ್ಬಲಗೊಳಿಸುವಾಗ ನೀರಿಗೆ ಆಮ್ಲ ಸುರಿಯಬೇಕು, ಆಮ್ಲಕ್ಕೆ ನೀರಲ್ಲ. ಪಳೆಯುಳಿಕೆಯ ಮೇಲೆ ಹನಿಸಬಾರದು, ಪಕ್ಕದ ತುಂಡಿನ ಮೇಲೆ ಹನಿಸಬೇಕು.

ಸುತ್ತಿಗೆ ಹಾಕುವ ಮೊದಲು ಅಳತೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಬಾವಿಗೆ ಕಲ್ಲು ಕಟ್ಟುತ್ತಾರೆ, ರಸ್ತೆ ಬದಿಯ ಕಡಿತದ ಮೇಲೆ ಹುಲ್ಲು ಬೆಳೆಯುತ್ತದೆ, ಖಣಿಯಲ್ಲಿ ನೀರು ತುಂಬುತ್ತದೆ. ಪದರ ಕಾಣುವ ಅವಕಾಶ ಸಾಮಾನ್ಯವಾಗಿ ಒಂದೇ ಸಲ. ಹೊಲದ ಮಾಲೀಕರ ಒಪ್ಪಿಗೆ ಪಡೆಯಿರಿ, ಕಾಡಿನ ಜಾಗವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಟ್ಟೆ ಕಟ್ಟದ ಬಾವಿಯೊಳಗೆ ಇಳಿಯಬೇಡಿ. ಜೇಡಿಯ ಪದರ ನೀರು ಕುಡಿದು ಜಾರುತ್ತದೆ, ಮೇಲಿನ ಕರಿಕಲ್ಲು ಅದರ ಮೇಲೆ ಕೂತಿರುತ್ತದೆ. ಹೊರಗೆ ಹಾಕಿದ ಮಣ್ಣಿನ ರಾಶಿಯೂ ಉಪಯುಕ್ತವೇ, ಆದರೆ ರಾಶಿಯಲ್ಲಿ ಕ್ರಮ ತಲೆಕೆಳಗಾಗಿರುತ್ತದೆ, ಕೊನೆಗೆ ತೋಡಿದ್ದು ಮೇಲಿರುತ್ತದೆ.

ಸುರಕ್ಷಿತವಾದ ಕಡಿತ ಸಿಕ್ಕರೆ ಒಂದು ಅಡಿ ಅಗಲಕ್ಕೆ ಮೇಲಿನಿಂದ ಕೆಳಗಿನ ತನಕ ಹಳೆಯ ಮೈ ಕೆರೆದು ಹೊಸ ಮೈ ತೆಗೆಯಿರಿ. ಟೇಪಿನ ಶೂನ್ಯ ಕೆಳಗಿನ ಲಾವಾದ ತಲೆಯ ಮೇಲಿರಲಿ. ಬಣ್ಣ, ಗಡಸುತನ, ನೊರೆ, ಪದರದ ದಪ್ಪ, ಬಿರುಕು, ಶಂಖ ಬದಲಾದ ಪ್ರತಿ ಮಟ್ಟವನ್ನೂ ಸೆಂಟಿಮೀಟರಿನಲ್ಲಿ ಬರೆಯಿರಿ. ಮಾದರಿ ತೆಗೆಯುವುದು ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಶುರು ಮಾಡಿದರೆ ಉದುರಿದ ಪುಡಿ ಕೆಳಗಿನ ಮೈಮೇಲೆ ಬಿದ್ದು, ಮುಂದಿನ ಚೀಲಕ್ಕೆ ಹಿಂದಿನ ಪದರದ ಜೀವಿ ಸೇರುತ್ತದೆ. ಸೂಕ್ಷ್ಮ ಪಳೆಯುಳಿಕೆಗೆ ಪ್ರತಿ ಪದರದಿಂದ 1ರಿಂದ 2 ಕಿಲೋ ಸಾಕು. ಚೀಟಿ ಎರಡು: ಒಂದು ಚೀಲದೊಳಗೆ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಪೆನ್ಸಿಲಿನಿಂದ ಬರೆದದ್ದು, ಇನ್ನೊಂದು ಹೊರಗೆ.

ಎರಡು ಅಂಚುಗಳಿಗೆ ಹೆಚ್ಚು ಹೊತ್ತು ಕೊಡಿ. ಕೆಳಗಿನ ಅಂಚಿನಲ್ಲಿ ಲಾವಾದ ತಲೆ ಗುಳ್ಳೆಗುಳ್ಳೆಯಾಗಿ, ಕೆಲವೊಮ್ಮೆ ಬಿಳಿ ಜಿಯೋಲೈಟ್ ಖನಿಜ ತುಂಬಿಕೊಂಡಿರುತ್ತದೆ. ಅದರ ಮೇಲೆ ನೇರವಾಗಿ ಜೇಡಿ ಕೂತಿದೆಯೋ, ಇಲ್ಲ ಕೊಳೆತ ಲಾವಾದ ಹರಳು-ಮಣ್ಣು ಮೊದಲು ಇದೆಯೋ ನೋಡಿ. ಎರಡನೆಯದಾದರೆ ನೀರು ನಿಲ್ಲುವ ಮೊದಲು ಆ ನೆಲ ಬಹುಕಾಲ ಬಯಲಾಗಿತ್ತು. ಮೇಲಿನ ಅಂಚು ಇನ್ನೂ ಚೆನ್ನಾದ ಸಾಕ್ಷಿ. ಕೆರೆ ಒಣಗಿದ್ದಾಗ ಲಾವಾ ಬಂದಿದ್ದರೆ ಜೇಡಿಯ ಮೇಲ್ಮೈ ಸುಟ್ಟು ಕೆಂಪಾಗಿ, ಗಟ್ಟಿಯಾಗಿ, ಅಂಚು ಸಪಾಟಾಗಿ ಉಳಿಯುತ್ತದೆ. ನೀರಿದ್ದಾಗ ಬಂದಿದ್ದರೆ ಲಾವಾ ದಿಂಬಿನಾಕಾರದ ಉಂಡೆಗಳಾಗಿ, ಉಂಡೆಯ ಸುತ್ತ ಗಾಜಿನ ಸಿಪ್ಪೆಯೊಂದಿಗೆ ಇರುತ್ತದೆ. ನೀರಿಲ್ಲದೆ ಕೆಸರು ಮಾತ್ರ ಒದ್ದೆಯಿದ್ದರೆ ಆವಿ ಸಿಡಿದು ಕೆಸರೂ ಲಾವಾ ಚೂರೂ ಕಲಸಿಹೋಗಿರುತ್ತವೆ. ಅದಕ್ಕೆ ಪೆಪರೈಟ್ ಎನ್ನುತ್ತಾರೆ. ಲಾವಾ ಬಂದ ದಿನ ಕೆರೆ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಆ ಅರ್ಧ ಮೀಟರ್ ಹೇಳುತ್ತದೆ. ಇಷ್ಟು ನಿಖರವಾದ ಸಾಕ್ಷಿ ಬೇರೆ ಯಾವ ಬಗೆಯ ಹಳೆಯ ಕೆರೆಯಲ್ಲೂ ಸಿಗುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಥಾರ್‌ನ ಕೆರೆಗಳಲ್ಲಿ ಒಣ ಕಾಲದ ಮೇಲುಮಣ್ಣನ್ನು ಗಾಳಿಯೇ ಹೊತ್ತೊಯ್ಯುತ್ತದೆ, ದಾಖಲೆಯ ಕೊನೆಯ ಪುಟಗಳು ಇರುವುದೇ ಇಲ್ಲ. ಇಲ್ಲಿ ಲಾವಾ ಅದನ್ನು ಮುಚ್ಚಿ ಕಾಪಾಡಿದೆ.

ಆದರೂ ನಡುವೆ ಕಳೆದುಹೋದ ಕಾಲ ಇಲ್ಲವೆಂದಲ್ಲ. ಬಹುಕೋನದ ಬಿರುಕುಗಳ ಜಾಲ, ಬಿರುಕಿನೊಳಗೆ ಮೇಲಿನ ಪದರದ ಮಣ್ಣು, ಬೇರಿನ ಜಾಡು, ಪದರದೊಳಗೇ ಬೆಳೆದ ಸುಣ್ಣದ ಗಂಟು ಕಂಡರೆ ಅಲ್ಲಿ ಕೆರೆ ಬತ್ತಿ ನೆಲವಾಗಿತ್ತು. ಎರಡು ಮೀಟರ್ ಜೇಡಿಯನ್ನು ವರ್ಷಕ್ಕಿಷ್ಟು ಮಿಲಿಮೀಟರ್ ಎಂದು ಭಾಗಿಸಿ ಕೆರೆಯ ಆಯಸ್ಸು ಹೇಳುವುದು ಇದೇ ಕಾರಣಕ್ಕೆ ಸಲ್ಲದು. ಕಾಲ ಬಹಳಷ್ಟು ಉರುಳಿರುವುದು ಆ ಬಿರುಕುಗಳ ಸಾಲಿನಲ್ಲಿ, ಅದಕ್ಕೆ ದಪ್ಪವೇ ಇಲ್ಲ.

ಜೀವಿಗಳನ್ನೂ ಇದೇ ಪ್ರಶ್ನೆ ಇಟ್ಟುಕೊಂಡು ನೋಡಬೇಕು. ಇಂಟರ್‌ಟ್ರ್ಯಾಪಿಯನ್ ಪದರಗಳ ಹೆಸರಾಂತ ಶಂಖ ಫೈಸಾ. ತುದಿ ಮೇಲಿಟ್ಟು ಬಾಯಿ ನಿಮ್ಮ ಕಡೆ ತಿರುಗಿಸಿದರೆ ಬಾಯಿ ಎಡಕ್ಕಿರುತ್ತದೆ. ಆ ಗುಂಪಿನ ಬಸವನಹುಳುಗಳು ಗಾಳಿಯನ್ನೇ ಉಸಿರಾಡುತ್ತವೆ, ನಿಂತ ನೀರಿನಲ್ಲೂ ತಾಳುತ್ತವೆ. ವಿವಿಪ್ಯಾರಸ್ ಬಲಕ್ಕೆ ಬಾಯಿರುವ, ಕಿವಿರಿನಿಂದ ಉಸಿರಾಡುವ ಶಂಖ, ಅದಕ್ಕೆ ಆಮ್ಲಜನಕ ಇರುವ ನೀರು ಬೇಕು. ಒಂದೇ ಪದರದಲ್ಲಿ ಫೈಸಾ ಮಾತ್ರ ರಾಶಿ ಇದ್ದರೆ ನೀರು ಕೆಡುತ್ತಿದ್ದ ಕಾಲ ಅದು ಎಂದು ಅನುಮಾನಿಸಬಹುದು, ಆದರೆ ಬೇರೆ ಸಾಕ್ಷಿಯೂ ಕೂಡಬೇಕು. ಕ್ಯಾರೊಫೈಟ್‌ನ ಬೀಜಕೋಶ ಮಿಲಿಮೀಟರಿಗಿಂತ ಚಿಕ್ಕ ಗೋಲಿ, ಮೇಲೆ ಎಡಕ್ಕೆ ಸುತ್ತಿದ ಐದು ಸುರುಳಿ. ಬೆಳಕು ತಳ ಮುಟ್ಟುವ ತಿಳಿನೀರಿದ್ದರೆ ಮಾತ್ರ ಆ ಪಾಚಿ ಬೆಳೆಯುತ್ತದೆ. ವಜ್ರಾಕಾರದ, ಹೊಳಪಿನ, ದಪ್ಪ ಹುರುಪೆ ಸಿಕ್ಕರೆ ಅದು ಗಾರ್ ಮೀನಿನದಾಗಿರಬಹುದು. ಅದೂ ನೀರಿನಲ್ಲಿ ಆಮ್ಲಜನಕ ಕಡಿಮೆಯಾದಾಗ ಮೇಲೆ ಬಂದು ಗಾಳಿ ನುಂಗುವ ಮೀನು. ಸಣ್ಣ ಎಲುಬು, ಹಲ್ಲುಗಳನ್ನು ಕಡೆಗಣಿಸಬೇಡಿ. ನಮ್ಮ ಗಡಿಯಾಚೆ, ತೆಲಂಗಾಣದ ವಿಕಾರಾಬಾದ್ ಕಡೆಯ ನಾಸ್ಕಲ್ ಎಂಬ ಊರಿನ ಇಂಥದೇ ಪದರದಿಂದ ಡೆಕ್ಕನೊಲೆಸ್ಟಿಸ್ ಎಂಬ ಇಲಿಗಾತ್ರದ ಸಸ್ತನಿಯ ಹಲ್ಲುಗಳು ಸಿಕ್ಕು, 1988ರಲ್ಲಿ ಭಾರತದ ಮೊದಲ ಕ್ರಿಟೇಶಿಯಸ್ (ಡೈನೊಸಾರ್ ಯುಗದ ಕೊನೆಯ ಕಾಲದ) ಸಸ್ತನಿಯಾಗಿ ಪ್ರಕಟವಾದವು. ಒಂದೊಂದು ಹಲ್ಲೂ ಮಿಲಿಮೀಟರ್ ಲೆಕ್ಕದ್ದು.

ಆಸ್ಟ್ರಕೋಡ್ ಅಂದರೆ ಎರಡು ಚಿಪ್ಪಿನೊಳಗೆ ಬದುಕುವ, ಒಂದು ಮಿಲಿಮೀಟರ್ ಆಸುಪಾಸಿನ ಜೀವಿ. ಅದು ಎಂಟು ಸಲ ಚಿಪ್ಪು ಕಳಚಿ ಬೆಳೆಯುತ್ತದೆ. ಹೀಗಾಗಿ ಒಂದೇ ಜಾತಿಯ ಚಿಕ್ಕದರಿಂದ ದೊಡ್ಡದರ ತನಕ ಎಲ್ಲ ಗಾತ್ರದ ಚಿಪ್ಪೂ ಸಿಕ್ಕರೆ ಅವು ಅಲ್ಲಿಯೇ ಬದುಕಿ ಸತ್ತವು. ಒಂದೇ ಗಾತ್ರದವು ಮಾತ್ರ ಸಿಕ್ಕರೆ ನೀರಿನ ಸೆಳೆತ ಅವನ್ನು ಎಲ್ಲಿಂದಲೋ ಸೋಸಿ ತಂದಿದೆ, ಅವುಗಳಿಂದ ಆ ಜಾಗದ ನೀರಿನ ಗುಣ ಹೇಳಲಾಗದು. ಎರಡು ಚಿಪ್ಪೂ ಮುಚ್ಚಿಕೊಂಡೇ ಇದ್ದರೆ ಬೇಗ ಹೂತುಹೋಗಿದೆ ಎಂದರ್ಥ.

ಇವನ್ನು ಜೇಡಿಯಿಂದ ಬಿಡಿಸುವುದು ತಾಳ್ಮೆಯ ಕೆಲಸ, ಆದರೆ ಕಷ್ಟದ್ದಲ್ಲ. ಮಾದರಿಯನ್ನು ಕಡಲೆಬೇಳೆ ಗಾತ್ರಕ್ಕಲ್ಲ, ನಿಂಬೆಹಣ್ಣಿನ ಗಾತ್ರಕ್ಕೆ ಒಡೆದು ಪೂರ್ತಿ ಒಣಗಿಸಿ. ನಮ್ಮ ಏಪ್ರಿಲ್ ಬಿಸಿಲಿಗೆ ಎರಡು ಮೂರು ದಿನ ಸಾಕು. ಒಳಗೆ ತೇವ ಉಳಿದರೆ ಮುಂದಿನ ಹಂತ ಕೆಡುತ್ತದೆ. ಒಣಗಿದ್ದನ್ನು ಸೀಮೆಎಣ್ಣೆಯಲ್ಲಿ ಕೆಲವು ಗಂಟೆ ನೆನೆಸಿ, ಎಣ್ಣೆಯನ್ನು ಬಸಿದು, ಬಿಸಿನೀರು ಸುರಿಯಿರಿ. ಒಣ ಜೇಡಿಯ ಸಂದುಗಳಿಗೆ ಹೊಕ್ಕ ಎಣ್ಣೆಯನ್ನು ನೀರು ತಳ್ಳುತ್ತಾ ಒಳಹೋಗಿ ಗಂಟು ತಾನಾಗಿಯೇ ಕೆಸರಾಗುತ್ತದೆ. ಇದನ್ನು ಬಯಲಿನಲ್ಲಿ, ಒಲೆಯಿಂದ ದೂರದಲ್ಲಿ ಮಾಡಬೇಕು. ಸೀಮೆಎಣ್ಣೆ ಸಿಗದಿದ್ದರೆ ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಒಂದೆರಡು ದಿನ ಬಿಟ್ಟರೂ ಸಡಿಲಾಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಬಳಸುವವರಿದ್ದಾರೆ. ಮಾದರಿಯಲ್ಲಿ ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಇದ್ದರೆ ಅದು ಆಮ್ಲವಾಗಿ ತೆಳು ಚಿಪ್ಪುಗಳನ್ನೇ ತಿಂದುಬಿಡುತ್ತದೆ, ಹಾಗಾಗಿ ನಾನು ಅದನ್ನು ಸೂಚಿಸುವುದಿಲ್ಲ.

ಆಮೇಲೆ ಜರಡಿ. ಮೇಲೆ 60 ಮೆಶ್, ಅಂದರೆ 250 ಮೈಕ್ರಾನ್ (ಸಾವಿರ ಮೈಕ್ರಾನ್ ಒಂದು ಮಿಲಿಮೀಟರ್). ಕೆಳಗೆ 120 ಮೆಶ್, 125 ಮೈಕ್ರಾನ್. ಮೆಲ್ಲಗೆ ನೀರು ಹರಿಸಿ, ಕೈಯಿಂದ ಉಜ್ಜಬೇಡಿ. ಕೆಳಗೆ ಬರುವ ನೀರು ತಿಳಿಯಾಗುವ ತನಕ ತೊಳೆಯಬೇಕು. ಅರ್ಧಕ್ಕೆ ಬಿಟ್ಟರೆ ಒಣಗುವಾಗ ಜೇಡಿ ಮತ್ತೆ ಚಿಪ್ಪಿಗೆ ಅಂಟುತ್ತದೆ. ಒಂದು ಮಾದರಿ ಮುಗಿದ ಮೇಲೆ ಜರಡಿಯನ್ನು ಮೆಥಿಲೀನ್ ಬ್ಲೂ ದ್ರಾವಣದಲ್ಲಿ ಅದ್ದಿ ತೊಳೆಯಿರಿ. ಜರಡಿಯ ಕಣ್ಣಿನಲ್ಲಿ ಸಿಕ್ಕಿಕೊಂಡು ಉಳಿದ ಹಳೆಯ ಚಿಪ್ಪು ನೀಲಿಯಾಗುತ್ತದೆ, ಮುಂದಿನ ಮಾದರಿಯಲ್ಲಿ ನೀಲಿ ಕಂಡರೆ ಎಣಿಸದೆ ಬಿಡಬಹುದು. ಒಣಗಿದ ಉಳಿಕೆಯನ್ನು ಕಪ್ಪು ತಟ್ಟೆಯಲ್ಲಿ ಒಂದು ಕಾಳಿನ ದಪ್ಪಕ್ಕಿಂತ ತೆಳುವಾಗಿ ಹರಡಿ, ಮೈಕ್ರೋಸ್ಕೋಪಿನಡಿ ಒದ್ದೆ ಮಾಡಿದ ಮೂರು ಸೊನ್ನೆ ನಂಬರಿನ ಕುಂಚದಿಂದ ಎತ್ತಿ.

ಗಟ್ಟಿ ಸುಣ್ಣಗಲ್ಲಿನಲ್ಲಿ ಎಲುಬು ಇದ್ದರೆ 5ರಿಂದ 10 ಶೇಕಡಾ ಅಸಿಟಿಕ್ ಆಮ್ಲದಲ್ಲಿ ಕಲ್ಲನ್ನು ಕರಗಿಸುತ್ತಾರೆ. ಅದೇ ಆಮ್ಲ ಆಸ್ಟ್ರಕೋಡ್, ಶಂಖ, ಕ್ಯಾರೊಫೈಟ್ ಎಲ್ಲವನ್ನೂ ಕರಗಿಸುತ್ತದೆ, ಏಕೆಂದರೆ ಅವೂ ಸುಣ್ಣವೇ. ಆದ್ದರಿಂದ ಮಾದರಿಯನ್ನು ಮೊದಲೇ ಎರಡು ಪಾಲು ಮಾಡಿಕೊಳ್ಳಬೇಕು. ಚರ್ಟ್‌ನೊಳಗಿನದನ್ನು ಬಿಡಿಸಲು ಹೋಗಬೇಡಿ, ಅದಕ್ಕೆ ಬೇಕಾಗುವ ಹೈಡ್ರೋಫ್ಲೋರಿಕ್ ಆಮ್ಲ ಚರ್ಮದ ಮೂಲಕ ಇಳಿದು ಎಲುಬನ್ನೇ ಕೆಡಿಸುತ್ತದೆ. 30 ಮೈಕ್ರಾನ್ ದಪ್ಪದ ತೆಳು ಸೀಳು ಮಾಡಿಸಿ ನೋಡುವುದೇ ಸರಿ.

ಇನ್ನು ಕಾಲ ನಿರ್ಣಯ. ಜೇಡಿಯಲ್ಲಿ ಕಪ್ಪು ಸಸ್ಯದ ಚೂರು ಸಿಕ್ಕಿತೆಂದು ರೇಡಿಯೋಕಾರ್ಬನ್‌ಗೆ ಕಳಿಸಬಾರದು. ಆ ವಿಧಾನ ಸುಮಾರು 50,000 ವರ್ಷಗಳಾಚೆ ಕೆಲಸ ಮಾಡುವುದಿಲ್ಲ. ಲೋಣಾರಕ್ಕೆ, ಥಾರ್‌ನ ಕೆರೆಗಳಿಗೆ ಅದು ಒಪ್ಪುತ್ತದೆ. ಇಲ್ಲಿ ಕಾಲ ಹೇಳಬೇಕಾದದ್ದು ಮೇಲಿನ, ಕೆಳಗಿನ ಲಾವಾಗಳು. ಪೊಟಾಸಿಯಂ ಕಾಲಕ್ರಮದಲ್ಲಿ ಆರ್ಗಾನ್ ಆಗುವುದನ್ನು ಅಳೆಯುವ ಆರ್ಗಾನ್ ವಿಧಾನಕ್ಕೆ ಬೇಕಾದ ಪೊಟಾಸಿಯಂ ಈ ಬಸಾಲ್ಟಿನಲ್ಲಿ ಕಡಿಮೆ, ಅದರಲ್ಲೂ ಕೊಳೆತ ಕಲ್ಲಿನಿಂದ ಆರ್ಗಾನ್ ಸೋರಿ ವಯಸ್ಸು ನಿಜಕ್ಕಿಂತ ಕಡಿಮೆ ಬರುತ್ತದೆ. ಹಾಗಾಗಿ ಲಾವಾದ ಗುಳ್ಳೆ ತಲೆಯಿಂದಲ್ಲ, ಹೊಟ್ಟೆಯ ಗಟ್ಟಿ ಕರಿಕಲ್ಲಿನಿಂದ ಮಾದರಿ ತೆಗೆಯಬೇಕು. ಬೂದಿ ಬೆರೆತ ಬೋಲ್‌ನಲ್ಲಿ ಜಿರ್ಕಾನ್ ಹರಳು ಸಿಕ್ಕರೆ ಯುರೇನಿಯಂ-ಸೀಸದ ವಿಧಾನ ಇನ್ನೂ ನಿಖರ. ಕೆರೆಗೆ ಸಾಕ್ಷಿಯಲ್ಲದ ಕೆಂಪು ಪಟ್ಟಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಲಾವಾ ತಣ್ಣಗಾದಾಗ ಭೂಮಿಯ ಕಾಂತಕ್ಷೇತ್ರ ಉತ್ತರಮುಖಿಯೋ ತಿರುಗುಮುರುಗೋ ಎಂದೂ ಅಳೆಯುತ್ತಾರೆ, ದಖ್ಖನ್‌ನ ಬಹುಪಾಲು ಲಾವಾ 29ಆರ್ ಎಂಬ ತಿರುಗುಮುರುಗಿನ ಅವಧಿಯದ್ದು. ಇದಕ್ಕೆ ಕಲ್ಲನ್ನು ಒಡೆಯುವ ಮೊದಲೇ ಅದರ ಮೇಲೆ ಉತ್ತರ ದಿಕ್ಕಿನ ಬಾಣ ಮತ್ತು ಸಮತಲದ ಗೆರೆ ಎಳೆದಿರಬೇಕು. ಬಸಾಲ್ಟಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಕಲ್ಲಿನ ಮೈಗೆ ತಾಗಿಸಿ ಹಿಡಿದರೆ ದಿಕ್ಸೂಚಿ ತಪ್ಪು ತೋರಿಸುತ್ತದೆ. ಬಂಡೆಯಿಂದ ಒಂದೆರಡು ಮೀಟರ್ ಹಿಂದೆ ಸರಿದು ಓದಿ, ಸೂರ್ಯನ ನೆರಳಿನಿಂದಲೂ ತಾಳೆ ನೋಡಿ, ಆಮೇಲೆ ಬಾಣ ಎಳೆಯಿರಿ.